ಕೆರೆಯ ಕೀರ್ತಿ ಯಾರದು?

(ಉಪನ್ಯಾಸದ ಪಠ್ಯ)



ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರ ದೇವಾಲಯದ ಎದುರು ಒಂದು ಶಿಲಾಸ್ತಂಭ ನಿಂತಿದೆ. ಐದನೆಯ ಶತಮಾನದ ಆ ಸಂಸ್ಕೃತ ಶಾಸನವನ್ನು ಕದಂಬ ಮಯೂರಶರ್ಮನ ಕಥೆಗಾಗಿ ಶಾಲೆಯ ಮಕ್ಕಳೂ ಬಲ್ಲರು. ಆದರೆ ಅದನ್ನು ಕೆತ್ತಿಸಿದ ಸಂದರ್ಭ ಒಂದು ಕೆರೆಯದು ಎಂಬುದು ಅಷ್ಟಾಗಿ ಗಮನಕ್ಕೆ ಬಂದಿಲ್ಲ. ದೇವಾಲಯಕ್ಕೆ ಕೆರೆಯನ್ನು ಕಟ್ಟಿಸಿದವನು ಕಾಕುತ್ಸ್ಥವರ್ಮ. ಶಾಸನ ಮೂಡಿದ್ದು ಅವನ ಮಗ ಶಾಂತಿವರ್ಮನ ಕಾಲದಲ್ಲಿ. ರಚಿಸಿದವನು ಕವಿ ಕುಬ್ಜ. ಮೂವರ ಹೆಸರೂ ಉಳಿದಿವೆ. ಮಣ್ಣು ಹೊತ್ತವರ ಹೆಸರಿಲ್ಲ. ತಂದೆಯ ಕೆಲಸಕ್ಕೆ ಮಗನ ಕಾಲದಲ್ಲಿ ಕಲ್ಲು ನಿಲ್ಲುವುದು ಈ ಸೀಮೆಗೆ ಹೊಸತೇನಲ್ಲ.

ಚುನಾವಣೆ ಸಮೀಪಿಸಿದಾಗ ಆನವಟ್ಟಿ, ಶಿರಾಳಕೊಪ್ಪಗಳ ಚಹದಂಗಡಿಗಳಲ್ಲಿ ಏಳುವ ವಾದ ಇದೇ ಕಲ್ಲಿನ ವಾದ. ನೆರೆಹೊರೆಯ ಎರಡು ತಾಲ್ಲೂಕುಗಳು ರಾಜ್ಯಕ್ಕೆ ಇಬ್ಬರು ಮುಖ್ಯಮಂತ್ರಿಗಳನ್ನು ಕೊಟ್ಟಿರುವಾಗ ವಾದಕ್ಕೆ ಸರಕಿನ ಕೊರತೆಯಿಲ್ಲ. ಅವುಗಳಲ್ಲಿ ಪಂಪ್‌ಸೆಟ್ಟಿನ ಉಚಿತ ವಿದ್ಯುತ್ತಿನ ವಾದವನ್ನು ಇಲ್ಲಿ ಕೊಂಚ ಬಿಡಿಸಿ ನೋಡಬಹುದು.

ಸೊರಬದಿಂದ 1967ರಲ್ಲಿ ಸಮಾಜವಾದಿಯಾಗಿ ವಿಧಾನಸಭೆ ಪ್ರವೇಶಿಸಿದ ಎಸ್. ಬಂಗಾರಪ್ಪನವರು 1990ರಿಂದ 1992ರವರೆಗೆ ಮುಖ್ಯಮಂತ್ರಿಯಾಗಿದ್ದರು. ಆಶ್ರಯ, ಆರಾಧನಾ, ವಿಶ್ವ ಯೋಜನೆಗಳ ಜೊತೆಗೆ 10 ಅಶ್ವಶಕ್ತಿಯವರೆಗಿನ ಪಂಪ್‌ಸೆಟ್ಟುಗಳಿಗೆ ಉಚಿತ ವಿದ್ಯುತ್ತೂ ಅವರ ಹೆಸರಿನೊಡನೆ ಸೇರಿಕೊಂಡಿದೆ. ಮುಂದಿನ ಸರ್ಕಾರಗಳ ಕಾಲದಲ್ಲಿ ಶುಲ್ಕ ಮರಳಿತು. 2008ರಲ್ಲಿ ಬಿ.ಎಸ್. ಯಡಿಯೂರಪ್ಪನವರು ಅಧಿಕಾರಕ್ಕೆ ಬಂದ ವರ್ಷವೇ ಅದೇ 10 ಅಶ್ವಶಕ್ತಿಯ ಮಿತಿಯಲ್ಲಿ ವಿದ್ಯುತ್ ಮತ್ತೆ ಉಚಿತವಾಯಿತು. ಆ ಚುನಾವಣೆಯಲ್ಲಿ ಶಿಕಾರಿಪುರದಲ್ಲಿ ಅವರಿಗೆ ಎದುರಾಳಿಯಾಗಿ ನಿಂತು ಸೋತವರು ಸ್ವತಃ ಬಂಗಾರಪ್ಪನವರೇ. ಮೊದಲು ಕೊಟ್ಟವರು ದೊಡ್ಡವರೋ, ನಿಂತುಹೋದದ್ದನ್ನು ಮರಳಿ ಕೊಟ್ಟವರು ದೊಡ್ಡವರೋ ಎಂಬ ಪ್ರಶ್ನೆಗೆ ಪಕ್ಷದ ಬಾವುಟ ನೋಡಿಯೇ ಉತ್ತರ ಬರುತ್ತದೆ.

ಸಾಲದ ಮೇಲೆ ಸಾಲ ಮಾಡಿದ ಸಣ್ಣ ಹಿಡುವಳಿದಾರನಿಗೆ ಬಿಲ್ಲಿನ ಭಯ ತಪ್ಪಿದ್ದು ನಿಜವಾದ ಉಪಕಾರ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಅದೇ ಆದೇಶಕ್ಕೆ ಇನ್ನೊಂದು ಫಲವೂ ಇದೆ. ಎತ್ತುವ ನೀರಿಗೆ ಬೆಲೆಯೇ ಇಲ್ಲವಾದಾಗ ಕೊಳವೆಬಾವಿ ಆಳಕ್ಕಿಳಿಯುತ್ತದೆ. ಭತ್ತದ ಗದ್ದೆ ಅಡಿಕೆ ತೋಟವಾಗುತ್ತದೆ. ತೋಟ ಬೇಸಿಗೆಯಲ್ಲೂ ನೀರು ಬೇಡುತ್ತದೆ. ಸ್ವಂತ ಕೊಳವೆಬಾವಿ ಇದ್ದವನಿಗೆ ಊರಿನ ಕೆರೆಯ ತೂಬು ಕೆಟ್ಟರೇನು, ಕಾಲುವೆಯಲ್ಲಿ ಹೂಳು ತುಂಬಿದರೇನು? ಮಳೆಗೆ ಮುನ್ನ ಗುದ್ದಲಿ ಹಿಡಿದು ಬರುತ್ತಿದ್ದ ಕೈಗಳು ಒಂದೊಂದಾಗಿ ಕಡಿಮೆಯಾದವು. ಸೊರಬದಂಥ ಕೆರೆಗಳ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ. ಕೊಳವೆಬಾವಿ ತೋಡಿಸಲು ಹಣವೇ ಇಲ್ಲದ ಬಡವನಿಗೆ ಉಚಿತ ವಿದ್ಯುತ್ತು ತಲುಪಲಿಲ್ಲ. ಅವನ ಪಾಲಿನ ಕೆರೆ ಮಾತ್ರ ಸೊರಗಿತು. ವಿದ್ಯುತ್ತಿನ ಕೀರ್ತಿಗೆ ಎರಡು ಬಣಗಳು ಜಗಳವಾಡುತ್ತವೆ. ಬತ್ತಿದ ಬಾವಿ ತನ್ನದೆಂದು ಒಬ್ಬರೂ ಹೇಳಿಲ್ಲ.

ಈಗ ಕೆರೆಗೆ ಹೊರಗಿನಿಂದ ನೀರು ತರುವ ಕಾಲ. ಶಿಕಾರಿಪುರದ ಕೆರೆಗಳಿಗೆ ತುಂಗಭದ್ರೆಯ ನೀರನ್ನು ಹಾಯಿಸುವ ಯೋಜನೆಗೆ ಉಡುಗಣಿ–ತಾಳಗುಂದ–ಹೊಸೂರು ಎಂದೇ ಹೆಸರು. ಕದಂಬರ ಕೆರೆಯ ಊರು ಆ ಹೆಸರಿನಲ್ಲಿದೆ. ಕೊಳವೆಮಾರ್ಗ ತಮ್ಮ ಹೊಲಗಳ ಮೂಲಕ ಹೋಗುವುದನ್ನು ರಟ್ಟೀಹಳ್ಳಿ ಭಾಗದ ರೈತರು ವಿರೋಧಿಸಿ ಬೀದಿಗಿಳಿದರು. ಕೀರ್ತಿಯ ಲೆಕ್ಕದಲ್ಲಿ ಅವರು ಎಲ್ಲಿಯೂ ಕಾಣುವುದಿಲ್ಲ, ಏಕೆಂದರೆ ಅವರ ಮತ ಇನ್ನೊಂದು ಕ್ಷೇತ್ರದ್ದು. ಸೊರಬದ ಮೂಡಿ, ಮೂಗೂರು ಏತ ನೀರಾವರಿಯ ಕಥೆ ಇನ್ನೊಂದು ಬಗೆಯದು. ಇಲ್ಲಿ 2013ರಲ್ಲಿ ಮಧು ಬಂಗಾರಪ್ಪ, 2018ರಲ್ಲಿ ಕುಮಾರ್ ಬಂಗಾರಪ್ಪ, 2023ರಲ್ಲಿ ಮತ್ತೆ ಮಧು ಗೆದ್ದರು. ಇಂಥ ಯೋಜನೆಯೊಂದರ ಬೇಡಿಕೆ ಒಬ್ಬರ ಕಾಲದ್ದು, ಮಂಜೂರಾತಿ ಇನ್ನೊಬ್ಬರದು, ಟೆಂಡರು ಮತ್ತೊಬ್ಬರದು ಆಗುವುದು ಸಹಜ. ಅಣ್ಣತಮ್ಮಂದಿರ ಬೆಂಬಲಿಗರು ಇಡೀ ಕೆಲಸ ತಮ್ಮದೆಂದರೆ ಇಬ್ಬರ ಮಾತಿನಲ್ಲೂ ಒಂದಿಷ್ಟು ಸತ್ಯವಿದ್ದೇ ಇರುತ್ತದೆ. ಪಂಪು ಕೆಟ್ಟ ದಿನ ಮಾತ್ರ ಅದು ಹಿಂದಿನವರ ಕಾಮಗಾರಿಯಾಗಿಬಿಡುತ್ತದೆ.

ಸೊರಬದ ಗಡಿ ದಾಟಿದರೆ ಹಾನಗಲ್ ತಾಲ್ಲೂಕು, ಅಲ್ಲಿ ಕುಸನೂರು. 1984ರಲ್ಲಿ ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯೂ ಜಂಟಿಯಾಗಿ ಕರ್ನಾಟಕ ಪಲ್ಪ್‌ವುಡ್ಸ್ ಕಂಪನಿಯನ್ನು ಹುಟ್ಟುಹಾಕಿ, ಶಿವಮೊಗ್ಗವೂ ಸೇರಿದಂತೆ ನಾಲ್ಕು ಜಿಲ್ಲೆಗಳ ಸುಮಾರು 30,000 ಹೆಕ್ಟೇರ್ ಸಾರ್ವಜನಿಕ ಭೂಮಿಯನ್ನು ನೀಲಗಿರಿಗೆ ಒಪ್ಪಿಸಿದವು. ದನ ಮೇಯುವ, ಸೊಪ್ಪು ಸೌದೆ ತರುವ ನೆಲ ಅದು. ಸಮಾಜ ಪರಿವರ್ತನ ಸಮುದಾಯ ಹಳ್ಳಿಗರನ್ನು ಸಂಘಟಿಸಿತು; ಶಿವರಾಮ ಕಾರಂತರೂ ಸೇರಿ ಸರ್ವೋಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿದರು. 1987ರ ನವೆಂಬರ್ 14ರಂದು ಕುಸನೂರಿನಲ್ಲಿ ‘ಕಿತ್ತಿಕೋ–ಹಚ್ಚಿಕೋ’ ಸತ್ಯಾಗ್ರಹ ನಡೆಯಿತು: ಜನ ನೀಲಗಿರಿ ಸಸಿಗಳನ್ನು ಕಿತ್ತು, ತಮಗೆ ಬೇಕಾದ ಜಾತಿಯ ಗಿಡಗಳನ್ನು ನೆಟ್ಟರು. 1991ರಲ್ಲಿ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಆಗ ಮುಖ್ಯಮಂತ್ರಿ ಬಂಗಾರಪ್ಪನವರೇ.

ಆ ತೀರ್ಮಾನದ ಕೀರ್ತಿಯನ್ನು ಅವರ ಸರ್ಕಾರಕ್ಕೆ ನಿರಾಕರಿಸಬೇಕಾಗಿಲ್ಲ. ಬೇರೊಂದು ಸರ್ಕಾರ ಕಡತವನ್ನು ಕಪಾಟಿನಲ್ಲಿಯೇ ಕೊಳೆಯಿಸಬಹುದಿತ್ತು. ಆದರೆ ತೀರ್ಮಾನಕ್ಕೆ ಮೊದಲು ಏಳು ವರ್ಷಗಳ ದುಡಿಮೆಯಿತ್ತು. ಅದು ಯಾವ ಪಕ್ಷದ ಪ್ರಣಾಳಿಕೆಯಿಂದ ಹುಟ್ಟಿದ್ದೂ ಅಲ್ಲ. ಆಶ್ರಯ ಮನೆಗಳನ್ನೂ ಉಚಿತ ವಿದ್ಯುತ್ತನ್ನೂ ನೆನೆಯುವ ಅಭಿಮಾನಿಗಳು ಈ ಪ್ರಸಂಗವನ್ನು ಮುಂದಿಡುವುದು ಅಪರೂಪ. ಕೊಟ್ಟದ್ದನ್ನು ತೋರಿಸಬಹುದು, ತಡೆದದ್ದನ್ನು ತೋರಿಸುವುದು ಕಷ್ಟ ಎಂಬುದೇ ಅದಕ್ಕೆ ಕಾರಣವಿದ್ದೀತು.

ಆದ್ದರಿಂದ ಮುಂದಿನ ಗುದ್ದಲಿಪೂಜೆಗೆ ಕರೆ ಬಂದಾಗ ಗ್ರಾಮಸಭೆಯಲ್ಲಿ ಕೆಲವು ಪ್ರಶ್ನೆಗಳನ್ನು ಕೇಳಿ ನಡಾವಳಿಯಲ್ಲಿ ಬರೆಯಿಸಬೇಕು. ಈ ಕೆರೆಯ ಹೂಳು ಕೊನೆಯ ಸಲ ತೆಗೆದದ್ದು ಯಾವ ವರ್ಷ? ಅದಕ್ಕೆ ನೀರು ತರುವ ಹಳ್ಳದ ದಾರಿ ಯಾರ ಒತ್ತುವರಿಯಲ್ಲಿದೆ? ಪಂಪಿನ ವಿದ್ಯುತ್ ವೆಚ್ಚವನ್ನು ಹತ್ತು ವರ್ಷದ ಅನಂತರ ಯಾರು ತೆರುವರು? ಕೋಡಿ ಒಡೆದರೆ ಮಣ್ಣು ಹಾಕಲು ಬರುವವರು ಯಾರು? ಅಡಿಗಲ್ಲಿನ ಮೇಲೆ ಹೆಸರು ಬರೆಯುವ ಮೊದಲು ಉತ್ತರಗಳು ಪುಸ್ತಕದಲ್ಲಿರಲಿ. ಗ್ರಾಮ ಪಂಚಾಯಿತಿ ಕಾರ್ಯದರ್ಶಿಗಳಿಂದ ಅದರ ಪ್ರತಿಯನ್ನು ಕೇಳಿ ಪಡೆದಿಡಿ.