ಹಳ್ಳದ ಕರೆಂಟು: ಹೊರೆ ಬದಲಾದಾಗ ಏನಾಗುತ್ತದೆ?



ಮಲೆನಾಡಿನ ಮಳೆಗಾಲದಲ್ಲಿ ಮರ ಉರುಳಿ ತಂತಿ ಹರಿದರೆ, ತೋಟದ ನಡುವಿನ ಒಂಟಿ ಮನೆಗೆ ಕರೆಂಟು ಮರಳಲು ದಿನಗಳೇ ಹಿಡಿಯುವುದುಂಟು. ಅದೇ ಹೊತ್ತಿಗೆ ಮನೆಯ ಹಿಂದಿನ ಹಳ್ಳ ತುಂಬಿ ಹರಿಯುತ್ತಿರುತ್ತದೆ. ಸೆಕೆಂಡಿಗೆ 10 ಲೀಟರ್ ನೀರು 20 ಮೀಟರ್ ಎತ್ತರದಿಂದ ಇಳಿದರೆ ಅದರಲ್ಲಿ ಸುಮಾರು 2 ಕಿಲೋವಾಟ್ ಶಕ್ತಿಯಿದೆ. ನಷ್ಟಗಳನ್ನು ಕಳೆದು ಅದರ ಅರ್ಧದಷ್ಟು ಮನೆಗೆ ದೊರೆಯಬಹುದು.

ಇಂಥ ಚಿಕ್ಕ ಘಟಕಗಳಲ್ಲಿ ಅನೇಕ ವೇಳೆ ಸಾಮಾನ್ಯ ಇಂಡಕ್ಷನ್ ಮೋಟಾರೇ ಜನರೇಟರ್ ಆಗಿ ಕೆಲಸ ಮಾಡುತ್ತದೆ. ಹೊರಗಿನ ವಿದ್ಯುತ್ತಿಲ್ಲದೆ ಅದು ಹೇಗೆ ಸಾಧ್ಯ? ಮೋಟಾರಿನ ಕಬ್ಬಿಣದಲ್ಲಿ ಅಲ್ಪ ಕಾಂತತ್ವ ಉಳಿದಿರುತ್ತದೆ. ಇದು ಮೊಸರಿನ ಹೆಪ್ಪಿದ್ದಂತೆ. ನೀರಿನ ಬಲದಿಂದ ಮೋಟಾರು ತಿರುಗಿದಾಗ ಮೊದಲು ಕೆಲವೇ ವೋಲ್ಟು ಹುಟ್ಟುತ್ತದೆ. ಸುರುಳಿಗೆ ಜೋಡಿಸಿದ ಕೆಪಾಸಿಟರುಗಳ ಮೂಲಕ ಹರಿಯುವ ಪ್ರವಾಹ ಆ ಕಾಂತತ್ವವನ್ನು ಬೆಳೆಸುತ್ತದೆ, ವೋಲ್ಟೇಜು ತಾನೇ ಏರುತ್ತದೆ. ಬ್ಯಾಸೆಟ್ ಮತ್ತು ಪಾಟರ್ ಎಂಬ ಎಂಜಿನಿಯರುಗಳು 1935ರಲ್ಲೇ ಈ ಕ್ರಮವನ್ನು ವಿವರಿಸಿದ್ದರು.

ತೊಡಕು ಬರುವುದು ಹೊರೆ ಬದಲಾದಾಗ. ರಾತ್ರಿ ದೀಪಗಳನ್ನು ಒಂದೊಂದಾಗಿ ಆರಿಸಿದಿರೆನ್ನಿ. ನೀರಿನ ರಭಸ ಮಾತ್ರ ಮೊದಲಿನಂತೆಯೇ ಇರುತ್ತದೆ. ಹೊರೆ ಇಳಿದ ಟರ್ಬೈನು ವೇಗವಾಗಿ ತಿರುಗಿ ವೋಲ್ಟೇಜು ಏರುತ್ತದೆ. ಉಳಿದ ಬಲ್ಬುಗಳೂ ಕೆಪಾಸಿಟರುಗಳೂ ಸುಟ್ಟುಹೋಗಬಹುದು. ಇದಕ್ಕೆ ವಿರುದ್ಧವಾಗಿ ಹೊರೆ ಹೆಚ್ಚಿಸುತ್ತ ಹೋದರೆ ವೋಲ್ಟೇಜು ಕುಸಿಯುತ್ತದೆ. ಮಿತಿ ಮೀರಿದರೆ ಕಾಂತತ್ವವೇ ಅಳಿದು ಮನೆ ಕತ್ತಲಾಗುತ್ತದೆ. ಫ್ರಿಜ್ಜು, ಪಂಪುಗಳಂಥ ಮೋಟಾರು ಹೊರೆಗಳು ಇನ್ನೂ ಕಷ್ಟದವು. ಕೆಪಾಸಿಟರುಗಳು ಜನರೇಟರಿಗೆ ಒದಗಿಸುತ್ತಿದ್ದ ಪ್ರವಾಹದಲ್ಲಿ ಅವೂ ಪಾಲು ಕೇಳುತ್ತವೆ. ಆದ್ದರಿಂದ ಘಟಕ ಕೊಳ್ಳುವ ಮೊದಲೇ ಮನೆಯ ಉಪಕರಣಗಳ ಪಟ್ಟಿ ಮಾಡಿ, ಮೋಟಾರು ಇರುವವನ್ನು ಬೇರೆಯಾಗಿ ಗುರುತಿಸಿ ತಜ್ಞರಿಗೆ ತೋರಿಸಿ.

ಇದಕ್ಕೆ ಒಳ್ಳೆಯ ಉಪಾಯವೆಂದರೆ ಜನರೇಟರಿನ ಮೇಲಿನ ಒಟ್ಟು ಹೊರೆಯನ್ನು ಸದಾ ಒಂದೇ ಆಗಿರಿಸುವುದು. ಎಲೆಕ್ಟ್ರಾನಿಕ್ ಲೋಡ್ ಕಂಟ್ರೋಲರ್ ಈ ಕೆಲಸ ಮಾಡುತ್ತದೆ. 1000 ವಾಟಿನಲ್ಲಿ ಮನೆ 300 ವಾಟ್ ಬಳಸಿದರೆ ಉಳಿದ 700 ವಾಟನ್ನು ಅದು ನೀರು ಕಾಯಿಸುವ ಹೀಟರಿಗೆ ತಿರುಗಿಸುತ್ತದೆ. ವ್ಯರ್ಥವಾಗುತ್ತಿದ್ದ ಶಕ್ತಿ ಬಚ್ಚಲಿಗೆ ಬಿಸಿನೀರಾಗಿ ಒದಗುತ್ತದೆ. ಈ ಹೀಟರಿಗೆ ಪ್ರತ್ಯೇಕ ಸ್ವಿಚ್ಚು ಇಡಬೇಡಿ, ಅದು ಯಾವಾಗಲೂ ನೀರಿನಲ್ಲಿ ಮುಳುಗಿರಲಿ. ಅದಿರುವ ನೀರಿಗೆ ಯಾರೂ ಕೈಹಾಕದಂತೆ ನೋಡಿಕೊಳ್ಳಿ.

ಯಂತ್ರ ತಿರುಗುತ್ತಿದ್ದೂ ವೋಲ್ಟೇಜು ಬಾರದಿದ್ದರೆ ಹೆಪ್ಪು ಹೋಗಿರಬಹುದು. ಯಂತ್ರ ನಿಲ್ಲಿಸಿ, ಬ್ಯಾಟರಿಯಿಂದ ಸುರುಳಿಗೆ ಕ್ಷಣಕಾಲ ಪ್ರವಾಹ ಹಾಯಿಸಿ ಅದನ್ನು ಮತ್ತೆ ತರಬಹುದು. ಆದರೆ ಯಂತ್ರ ನಿಂತ ಮೇಲೂ ಕೆಪಾಸಿಟರಿನಲ್ಲಿ ವಿದ್ಯುತ್ತು ಉಳಿದಿರುತ್ತದೆ. ಇದು ಬಲ್ಲವರೇ ಮಾಡಬೇಕಾದ ಕೆಲಸ.

ಕೊನೆಯದಾಗಿ, ಎಲ್ಲಕ್ಕಿಂತ ಮುಖ್ಯವಾದ ಮಾತು. ಮನೆಗೆ ಸರಕಾರಿ ಕರೆಂಟೂ ಇದ್ದರೆ, ಎರಡೂ ಎಂದಿಗೂ ಕೂಡದಂತೆ ಚೇಂಜ್‌ಓವರ್ ಸ್ವಿಚ್ಚು ಇರಲೇಬೇಕು. ಇಲ್ಲವಾದರೆ ನಿಮ್ಮ ಹಳ್ಳದ ಕರೆಂಟು ಹೊರಗಿನ ತಂತಿಗೆ ಹರಿದು, ಮಳೆಯಲ್ಲಿ ನಿಮಗಾಗಿಯೇ ಕಂಬವೇರಿದ ಲೈನ್‌ಮನ್‌ನ ಪ್ರಾಣಕ್ಕೆ ಎರವಾದೀತು. ನಮ್ಮ ಮನೆಯ ಬೆಳಕು ಇನ್ನೊಂದು ಮನೆಯ ಕತ್ತಲೆಗೆ ಕಾರಣವಾಗದಿರಲಿ.