ಬೈಬಲಿನ ಮೊದಲ ಹಾಳೆ

ನಮ್ಮ ಮನೆಯಲ್ಲಿ ಒಂದು ಕನ್ನಡ ಬೈಬಲ್ ಇತ್ತು. ಕಪ್ಪು ಚರ್ಮದ ಹೊದಿಕೆಯದು. ಬಾಸೆಲ್ ಮಿಷನ್ನಿನ ಮನೆತನಗಳಲ್ಲಿ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲವನ್ನೂ ಬೈಬಲಿನ ಮೊದಲ ಹಾಳೆಯಲ್ಲಿ ಬರೆದಿಡುವ ರೂಢಿ. ನಮ್ಮದರಲ್ಲಿ ಎಲ್ಲಕ್ಕಿಂತ ಮೇಲಿನ ಸಾಲು ನನ್ನ ಅಜ್ಜಿಯ ಮುತ್ತಜ್ಜನದು. ಹೆಸರಿನ ಮುಂದೆ ಊರು: ಆನಂದಪುರ. 20 ವರ್ಷಗಳಿಂದ ನಾನು ಆ ಒಂದು ಸಾಲಿನ ಹಿಂದೆ ಬಿದ್ದಿದ್ದೇನೆ.

ಆನಂದಪುರದ ಕಥೆ ಶುರುವಾಗುವುದು ಮಂಗಳೂರಿನಲ್ಲಿ. 1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನ ಮೂವರು ಪಾದ್ರಿಗಳು ಅಲ್ಲಿಗೆ ಬಂದರು. ಆಮೇಲೆ ಶಾಲೆ, ಅಚ್ಚುಕೂಟ, ಮಗ್ಗ, ಹಂಚಿನ ಕಾರ್ಖಾನೆ. ಅದೆಲ್ಲ ನಿಮಗೆ ಗೊತ್ತಿದ್ದದ್ದೇ. ನಾನು ಹೇಳಬೇಕಾದ್ದು ಆನಂದರಾಯ ಕೌಂಡಿನ್ಯರ ವಿಷಯ. ಸಾರಸ್ವತರ ಮನೆಯ ಹುಡುಗ, ಹುಟ್ಟಿದ್ದು 1825ರಲ್ಲಿ. 1844ರ ಜನವರಿ 6ರಂದು ಇನ್ನಿಬ್ಬರು ಗೆಳೆಯರ ಜೊತೆ ದೀಕ್ಷಾಸ್ನಾನ ಪಡೆದಾಗ ಮಂಗಳೂರಿಗೆ ಮಂಗಳೂರೇ ಎದ್ದು ನಿಂತಿತು. ಗುರು ಹರ್ಮನ್ ಮೋಗ್ಲಿಂಗರ ಹೆಸರನ್ನೇ ತಮಗಿಟ್ಟುಕೊಂಡರು: ಹರ್ಮನ್ ಆನಂದರಾಯ. ಹಿಂದಿನ ವರ್ಷವಷ್ಟೇ ‘ಮಂಗಳೂರ ಸಮಾಚಾರ’ ಪತ್ರಿಕೆ ಹೊರಡಿಸಿದ್ದರಲ್ಲ, ಅದೇ ಮೋಗ್ಲಿಂಗ್. ಆನಂದರಾಯರ ಕೈಹಿಡಿದ ಹೆಂಡತಿ ಮಾತ್ರ ಜೊತೆಗೆ ಬರಲಿಲ್ಲ. ಆ ಹೆಣ್ಣುಮಗಳ ಗತಿ ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಕೌಂಡಿನ್ಯರು 1846ರಲ್ಲಿ ಬಾಸೆಲಿಗೆ ಹೋಗಿ ಓದಿ, 1851ರಲ್ಲಿ ಪಾದ್ರಿಯಾಗಿ ಮರಳಿದರು. ಮುಂದೆ ಅವರ ಕೆಲಸ ಕೊಡಗಿನತ್ತ ಹೊರಳಿತು. ಆಗ ಅಲ್ಲಿ ಹೊಲೆಯರು ಜೀತದಾಳುಗಳು. ಗದ್ದೆ ಕೈ ಬದಲಾದರೆ ಅವರೂ ಗದ್ದೆಯ ಜೊತೆಗೇ ಹೋಗಬೇಕಿತ್ತು. ಜೀತವನ್ನು ಎತ್ತಿಹಿಡಿಯುವುದಿಲ್ಲ ಎಂದು 1843ರಲ್ಲೇ ಕಾನೂನು ಬಂದಿತ್ತು, ಆದರೆ ಕಾಡಿನಂಚಿನ ಗುಡಿಸಲಿಗೆ ಕಾನೂನು ತಲುಪಬೇಕಲ್ಲ! ಆ ಜನ ಒಕ್ಕಲಾಗಿ ನಿಲ್ಲಲು 1850ರ ದಶಕದ ಕೊನೆಗೆ ಸಿದ್ದಾಪುರದ ಕಡೆ ಒಂದು ಊರು ಎದ್ದಿತು. ಆನಂದರಾಯರ ಊರು, ಅದಕ್ಕೇ ಆನಂದಪುರ. ಬ್ರಾಹ್ಮಣನಾಗಿ ಹುಟ್ಟಿದವನು ಕಟ್ಟಿದ ಊರಿನಲ್ಲಿ ಹೊಲೆಯರು ಮನೆ ಹೂಡಿ ಒಲೆ ಹಚ್ಚಿದರು ಎಂಬುದನ್ನು ನೂರು ಸಲ ಹೇಳಿದರೂ ನನಗೆ ಮೈ ಜುಮ್ಮೆನ್ನುತ್ತದೆ. ಅಲ್ಲಿಗೆ ಬಂದವರಲ್ಲಿ ಬೈಬಲಿನ ಮೇಲಿನ ಸಾಲಿನ ಆ ಅಜ್ಜ ಒಬ್ಬ.

ಹುಡುಕುವುದು ಸುಲಭವಲ್ಲ. ದೀಕ್ಷೆಯ ದಿನ ಹೊಸ ಹೆಸರು ಬರುತ್ತದೆ, ಹಳೆಯದು ಕಡತದ ಆಚೆ ಉಳಿಯುತ್ತದೆ. ಮಿಷನರಿಗಳು ಬಾಸೆಲಿಗೆ ಕಳಿಸುತ್ತಿದ್ದ ವರದಿಗಳು ಹಳೆಯ ಜರ್ಮನ್ ಕೈಬರಹದಲ್ಲಿವೆ; ಈಗಿನ ಜರ್ಮನರೇ ಓದಲು ತಿಣುಕುತ್ತಾರೆ. ನಾನು ಆ ಅಕ್ಷರಗಳನ್ನು ಒಂದೊಂದಾಗಿ ಕಲಿಯುತ್ತಿದ್ದೇನೆ. ಆದರೂ ಒಂದು ಮಾತು: ಗದ್ದೆಯ ಜೊತೆ ಲೆಕ್ಕಕ್ಕೆ ಬರುತ್ತಿದ್ದ ಮನುಷ್ಯನ ಹೆಸರನ್ನು ಅವನದೇ ಎಂದು ಕಾಗದದ ಮೇಲೆ ಬರೆದದ್ದು ದೀಕ್ಷೆಯ ಆ ದಿನವೇ ಮೊದಲು ಎಂದು ನನ್ನ ನಂಬಿಕೆ.

ಚಿಕ್ಕಜ್ಜಿಯನ್ನು ಫೋನಿನಲ್ಲಿ ಕೇಳಿದೆ, “ಅಜ್ಜನ ಹಳೇ ಹೆಸರು ಏನಿತ್ತು ಚಿಕ್ಕಜ್ಜಿ?” “ಬೈಬಲಿನಲ್ಲಿ ಬರೆದಿತ್ತಲ್ಲ ಮಗಾ, ಹೊಸ ಹೆಸರಿನ ಕೆಳಗೆ, ಸಣ್ಣಕ್ಷರದಲ್ಲಿ,” ಅಂದರು.

ಆ ಬೈಬಲ್ ಕಳೆದದ್ದು ಇಲ್ಲೇ, ಕುವೈತಿನ ಫಹಾಹೀಲ್‌ನಲ್ಲಿ. ಅಮ್ಮ ಅದನ್ನು ತವರಿನಿಂದ ಇಲ್ಲಿಗೆ ತಂದಿದ್ದರು. 1990ರ ಆಗಸ್ಟ್ 2ರಂದು ಇರಾಕಿನ ಸೈನ್ಯ ಒಳಬಂತು. ನನಗಾಗ 11 ವರ್ಷ. ಬಸ್ಸು ಹತ್ತಿ ಬಾಗ್ದಾದ್ ಹಾದು ಅಮ್ಮಾನ್ ಸೇರಬೇಕಿತ್ತು. ಒಬ್ಬೊಬ್ಬರಿಗೆ ಒಂದೇ ಚೀಲ. ಅಪ್ಪ ಪಾಸ್‌ಪೋರ್ಟು, ನೀರು, ಖುಬ್ಬೂಸ್ ರೊಟ್ಟಿ ತುಂಬಿಸಿದರು. ಬೈಬಲ್ ಕಪಾಟಿನ ಮೇಲುಗಡೆ ಉಳಿಯಿತು. ನಾವು ಮರಳಿ ಬಂದಾಗ ಮನೆಯಲ್ಲಿ ಕಪಾಟೂ ಇರಲಿಲ್ಲ.

ಆಗ ಫಹಾಹೀಲ್‌ನಲ್ಲೇ ಉಳಿದುಕೊಂಡವರು ಈ ಮಾತು ಕೇಳುತ್ತಿರಬಹುದು. ಪಕ್ಕದ ಮನೆಯ ಪುಸ್ತಕಗಳನ್ನು ಯಾರಾದರೂ ಜೋಪಾನವಾಗಿ ಎತ್ತಿಟ್ಟಿದ್ದರೆ, ದಯವಿಟ್ಟು ಒಮ್ಮೆ ಹಳೆಯ ಪೆಟ್ಟಿಗೆ ತೆರೆದು ನೋಡಿ. ಕನ್ನಡ ಬೈಬಲ್, ಕಪ್ಪು ಹೊದಿಕೆ, ಬೆನ್ನಿಗೆ ಅಮ್ಮ ಹಾಕಿದ ಬಿಳಿ ನೂಲಿನ ಹೊಲಿಗೆ. ಪುಸ್ತಕ ನಿಮ್ಮಲ್ಲೇ ಇರಲಿ. ಮೊದಲ ಹಾಳೆಯ ಮೇಲಿನ ಸಾಲು, ಅದರ ಕೆಳಗಿನ ಸಣ್ಣಕ್ಷರ, ಅದೊಂದನ್ನು ನನಗೆ ಓದಿ ಹೇಳಿ.