ಬೆಳಗಾಗುವವರೆಗೆ ಕಾಯಬಹುದೆ?

(ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಊರು ಬಿಟ್ಟು ಮುಂಬಯಿ ಸೇರಿದ ನಮ್ಮಂಥವರನ್ನು ಕಂಗೆಡಿಸುವುದು ನಡುರಾತ್ರಿಯ ಕಾಯಿಲೆ. ಮನೆಯಲ್ಲಿ ಹಿರಿಯರಿಲ್ಲ, ಗುರುತಿನ ಡಾಕ್ಟರ ಬಾಗಿಲು ಮುಚ್ಚಿದೆ, ಟ್ಯಾಕ್ಸಿಗೆ ಹಣ ಬೇಕು, ನಾಳೆಯ ಪಾಳಿ ತಪ್ಪಿದರೆ ಆ ದಿನದ ಸಂಬಳ ಹೋಗುತ್ತದೆ. ಇದೆಲ್ಲ ಲೆಕ್ಕ ಹಾಕಿ "ಬೆಳಗಾಗಲಿ, ನೋಡೋಣ" ಎನ್ನುತ್ತೇವೆ. ಹಲವು ವೇಳೆ ಅದು ಸರಿಯೆ. ಕೆಲವು ವೇಳೆ ಅದೇ ಪ್ರಾಣಕ್ಕೆ ಮುಳುವಾಗುತ್ತದೆ.

ಎರಡನ್ನೂ ಬೇರ್ಪಡಿಸುವುದು ಹೇಗೆ? ನೋವಿನ ಪ್ರಮಾಣ ಸರಿಯಾದ ಅಳತೆಯಲ್ಲ. ಹಲ್ಲುನೋವು ರಾತ್ರಿಯೆಲ್ಲ ನಿದ್ದೆ ಕೆಡಿಸೀತು, ಆದರೂ ಸಾಮಾನ್ಯವಾಗಿ ಬೆಳಗಿನವರೆಗೆ ಕಾದೀತು. ಪಾರ್ಶ್ವವಾಯುವಿಗೆ ನೋವೇ ಇಲ್ಲದಿರಬಹುದು. ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಬೆಳಗಾಗುವುದರೊಳಗೆ ಮರಳಿ ಬಾರದಂಥದ್ದು ಏನಾದರೂ ಹೋದೀತೆ?

ಬಾಯಿ ಸೊಟ್ಟಗಾಗಿ, ಒಂದು ಕೈ ಸೋತು, ಮಾತು ತೊದಲಿದರೆ ಅದು ಪಾರ್ಶ್ವವಾಯುವಿನ ಲಕ್ಷಣ. ಮಿದುಳಿನ ರಕ್ತನಾಳದಲ್ಲಿ ಕಟ್ಟಿದ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಎಣ್ಣೆ ತಿಕ್ಕುತ್ತ ಕುಳಿತರೆ ಆ ಗಂಟೆಗಳು ಕಳೆದುಹೋಗುತ್ತವೆ. ಎದೆ ಅದುಮಿದಂತಾಗಿ ತಣ್ಣನೆಯ ಬೆವರು ಬಂದರೆ, ವಾಯುವೆಂದು ಸೋಡಾ ಕುಡಿಸಿ ಮಲಗಿಸಬಾರದು. ಸಕ್ಕರೆ ಕಾಯಿಲೆಯವರಿಗೆ ಎದೆನೋವಿಲ್ಲದೆ, ಬರಿಯ ಏದುಸಿರು ಬೆವರುಗಳಿಂದಲೂ ಹೃದಯಾಘಾತ ಆಗುವುದುಂಟು. ಉಸಿರು ಕಟ್ಟುವುದು, ಎಚ್ಚರ ತಪ್ಪುವುದು, ನಿಲ್ಲದ ರಕ್ತ, ತಲೆಗೆ ಪೆಟ್ಟು ಬಿದ್ದ ಮೇಲಿನ ವಾಂತಿ, ಹಾವಿನ ಕಡಿತ, ಗರ್ಭಿಣಿಯ ರಕ್ತಸ್ರಾವ, ಇವೂ ಕಾಯುವಂಥವಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೂ, ಯಾವುದೇ ಕೂಸು ಹಾಲು ಬಿಟ್ಟು ಮಂಕಾದರೂ ಹೊರಡಲೇಬೇಕು.

ನೆಗಡಿ, ಹಳೆಯ ಮಂಡಿನೋವು, ನೀರು ಕುಡಿದು ಸರಿಯಾಗಿ ಮಾತಾಡುತ್ತಿರುವ ದೊಡ್ಡವರ ಒಂದು ದಿನದ ಜ್ವರ, ಇವು ಕಾಯಬಲ್ಲವು. ಆದರೂ ನಡುವೆ ಎದ್ದು ನೋಡುತ್ತಿರಬೇಕು. ಸ್ಥಿತಿ ಕೆಟ್ಟರೆ ಲೆಕ್ಕವೂ ಬದಲಾಗಬೇಕು.

ಹೋಗುವುದೆಲ್ಲಿಗೆ? ಪರೇಲಿನ ಕೆ.ಇ.ಎಂ., ಸಾಯನ್ ಆಸ್ಪತ್ರೆ, ಮುಂಬಯಿ ಸೆಂಟ್ರಲ್ ಬಳಿಯ ನಾಯರ್, ಬೈಕುಲ್ಲಾದ ಜೆ.ಜೆ., ಇವೆಲ್ಲ ಸಾರ್ವಜನಿಕ ಆಸ್ಪತ್ರೆಗಳು. ಇವುಗಳ ಕ್ಯಾಜುಯಲ್ಟಿ ರಾತ್ರಿಯಿಡೀ ತೆರೆದಿರುತ್ತದೆ. 108ಕ್ಕೆ ಫೋನು ಮಾಡಿದರೆ ಬರುವ ಆಂಬುಲೆನ್ಸಿಗೆ ಹಣ ಕೊಡಬೇಕಾದ್ದಿಲ್ಲ. ಅಪಘಾತವಾದಾಗ ಪೊಲೀಸರ ಕಾಗದಕ್ಕಾಗಿ ಕಾಯಬೇಕಿಲ್ಲ; ಮೊದಲು ಚಿಕಿತ್ಸೆ, ಆಮೇಲೆ ಕಾಗದವೆಂದು ಸುಪ್ರೀಂ ಕೋರ್ಟು 1989ರಲ್ಲಿಯೇ ತೀರ್ಪು ಕೊಟ್ಟಿದೆ. ಹೊರಡುವಾಗ ತಿನ್ನುತ್ತಿರುವ ಮಾತ್ರೆಗಳನ್ನೂ ಹಳೆಯ ಚೀಟಿಯನ್ನೂ ಜೊತೆಗೆ ಒಯ್ಯಿರಿ. ಕಾಯಿಲೆ ಎಷ್ಟು ಗಂಟೆಗೆ ಶುರುವಾಯಿತೆಂಬುದನ್ನು ನೆನಪಿಡಿ.

ಕೊನೆಯದಾಗಿ ಒಂದು ಮಾತು. ನಮ್ಮಲ್ಲಿ ಹಲವರು ಒಂದೇ ಖೋಲಿಯಲ್ಲಿ ನಾಲ್ಕೈದು ಜನ ಇರುವವರು. ಕಾಯಿಲೆಯಾದವನು ಖರ್ಚಿಗೆ ಅಂಜಿ, ಇತರರ ನಿದ್ದೆ ಕೆಡಿಸಲು ಸಂಕೋಚಪಟ್ಟು, "ಏನಿಲ್ಲ, ಮಲಗಿರಪ್ಪಾ" ಎಂದೇ ಹೇಳುತ್ತಾನೆ. ತೀರ್ಮಾನವನ್ನು ಅವನೊಬ್ಬನಿಗೇ ಬಿಡಬೇಡಿ. ಪಕ್ಕದ ಹಾಸಿಗೆಯವರೇ ಅವನ ಮನೆಯವರು. ಕ್ಯಾಜುಯಲ್ಟಿಯಲ್ಲಿ "ಗಾಬರಿಯಿಲ್ಲ, ಮನೆಗೆ ಹೋಗಿ" ಎಂದರೆ ನಾಚಬೇಕಾದ್ದಿಲ್ಲ, ಸಂತೋಷದಿಂದ ಹಿಂತಿರುಗೋಣ. ಹೋದ ಪಾಳಿಯ ಸಂಬಳವನ್ನು ಮುಂದೆ ದುಡಿದುಕೊಳ್ಳಬಹುದು.